ಕರಿಗಾಡಿ

ಸೀಬರ್ಟ್ ಎರಡನೆಯ ಸಲ ಚಾಟಿ ಬೀಸಿದಾಗ ಕುದುರೆಗಳು ಮುಗ್ಗರಿಸಿದವೇ ಹೊರತು ಶವದ ಬಂಡಿ ಒಂದಂಗುಲವೂ ಮುಂದೆ ಸರಿಯಲಿಲ್ಲ. ಹಿಂದಿನ ಎರಡೂ ಚಕ್ರಗಳು ನಡುವಿನ ಗುಂಬದವರೆಗೆ ಕೆಸರಿನಲ್ಲಿ ಹೂತುಹೋಗಿದ್ದವು. ಬಂಡಿಯ ಗಾಜಿನ ಹಿಂದೆ ಹೈರಮ್ ವೆಟ್ಜೆಲ್‌ನ ಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿಕೊಂಡಿತ್ತು. ಮೂವತ್ತು ವರ್ಷ ಟ್ರಾಮ್ ಓಡಿಸಿದ ಮನುಷ್ಯ ಊರಾಚೆಗೆ ಕಾಲು ಮೈಲಿಯೂ ಹೋಗಲಾರದೆ ನಿಂತುಬಿಟ್ಟಿದ್ದ.

ಮಾರ್ಚ್ ತಿಂಗಳು. ಹಿಮ ಕರಗಿ ಇಂಡಿಯಾನಾದ ರಸ್ತೆಗಳೆಲ್ಲ ಅಂಬಲಿಯಾಗುವ ಕಾಲ. ಈ ಕಾಲದಲ್ಲಿ ಸಾಯಬಾರದು ಎಂದು ನಮ್ಮ ಕಾರ್ವರ್ಸ್‌ಬರ್ಗ್‌ನವರು ತಮಾಷೆ ಮಾಡುವುದುಂಟು. ಆದರೆ ಸಾವು ಯಾರ ಅನುಕೂಲ ಕೇಳಿ ಬರುತ್ತದೆ? ಹೈರಮ್‌ಗೆ ಎದೆಯಲ್ಲಿ ನೀರು ತುಂಬಿ ಒಂದೇ ವಾರದಲ್ಲಿ ಮುಗಿದುಹೋಯಿತು.

ಸೀಬರ್ಟ್ ಹೆಣದ ಪೆಟ್ಟಿಗೆ ಮಾರುವವನು, ಬಂಡಿಯೂ ಅವನದೇ. ಕೆಳಗಿಳಿದು ಟೋಪಿ ತೆಗೆದು ಹೈರಮ್‌ನ ಹೆಂಡತಿ ಲವೀನಾಳ ಹತ್ತಿರ ಬಂದ.

"ಇನ್ನು ಆಗಲ್ಲ ತಾಯಿ. ಇಲ್ಲೇ ಹೀಗಾದ್ರೆ ಮುಂದೆ ಹೊಳೆ ಬಯಲಲ್ಲಿ ಕುದುರೆ ಹೊಟ್ಟೆಮಟ್ಟ ಇಳಿದುಬಿಡ್ತವೆ. ವಾಪಸ್ ಕರ್ಕೊಂಡು ಹೋಗಿ ನಾಲ್ಕು ದಿನ ಬಿಸಿಲು ಬೀಳಲಿ ಅಂತ ಕಾಯೋಣ."

ಕಾಯುವಂತಿರಲಿಲ್ಲ. ಎಲ್ಮ್ ಗುಡ್ಡದ ಸ್ಮಶಾನದಲ್ಲಿ ಗುಂಡಿ ತೋಡಿಯಾಗಿತ್ತು. ಕಾವಲುಗಾರ ಬೆಳಿಗ್ಗೆಯೇ ಹೇಳಿಕಳಿಸಿದ್ದ: ನೀರು ಜಿನುಗುತ್ತಿದೆ, ಇವತ್ತು ಇಳಿಸಿದರೆ ಇಳಿಸಿದ ಹಾಗೆ, ನಾಳೆಗೆ ಅದು ಬಾವಿಯಾಗಿರುತ್ತದೆ. ಲವೀನಾಳ ಮೊದಲ ಕೂಸು ಮಲಗಿರುವುದು ಅದೇ ಜಾಗದ ಪಕ್ಕದಲ್ಲಿ. ಬೇರೆಲ್ಲಿಗೂ ಹೈರಮ್‌ನನ್ನು ಒಯ್ಯಲು ಅವಳು ಒಪ್ಪುವ ಹಾಗಿರಲಿಲ್ಲ.

"ಟ್ರಾಮ್ ಡಿಪೋ ಕಡೆ ತಿರುಗಿಸಿ," ಎಂದಳು.

ಮಗಳು ಕೋರಾ ಅವಳ ತೋಳು ಹಿಡಿದಳು. "ಆ ಜನರ ಬಾಗಿಲಿಗಾ ಅಮ್ಮ? ಅಪ್ಪ ಸತ್ತಿದ್ದು ಗೊತ್ತಿದ್ದೂ ಒಬ್ಬನಾದ್ರೂ ಬಂದು ಮುಖ ನೋಡಿದ್ನಾ? ಗಾಡಿ ಕೇಳೋಕೆ ಹೋದ ಸೀಬರ್ಟ್‌ಗೆ ಏನು ಹೇಳಿ ಕಳಿಸಿದ್ರು ಅಂತ ಮರೆತುಹೋಯ್ತಾ?"

ಸೀಬರ್ಟ್ ಕೆಸರು ನೋಡುತ್ತಾ ನಿಂತ. ಡಿಪೋದಲ್ಲಿ ಅವನಿಗೆ ಸಿಕ್ಕ ಉತ್ತರ ಎಲ್ಲರಿಗೂ ತಿಳಿದಿತ್ತು. ಗಾಡಿ ಇದೆ, ಓಡಿಸುವವರು ಇಲ್ಲ.

"ಮರೆತಿಲ್ಲ," ಎಂದಳು ಲವೀನಾ. "ಇಲ್ಲ ಅನ್ನೋದಾದ್ರೆ ಹೈರಮ್ ಮುಂದೇನೇ ಅನ್ಲಿ."

ಪಾದ್ರಿಯೂ ನೆರೆಮನೆಯ ಇಬ್ಬರೂ ಕೋರಾಳ ಗಂಡನೂ ಸೇರಿ ಚಕ್ರಕ್ಕೆ ಹೆಗಲು ಕೊಟ್ಟರು. ಹೈರಮ್‌ನ ಶವಯಾತ್ರೆಗೆ ಬಂದಿದ್ದವರೇ ಇಷ್ಟು ಜನ.

*

ನಮ್ಮೂರಿನ ಟ್ರಾಮ್ ಕಂಪನಿ ಊರೊಳಗೂ ಓಡಿಸುತ್ತಿತ್ತು, ಊರಿಂದೂರಿಗೂ ಓಡಿಸುತ್ತಿತ್ತು. ಜೋಳದ ಹೊಲಗಳ ನಡುವೆ ಹಳಿ ಹಾಕಿ ಮೇಲೆ ತಂತಿ ಎಳೆದು ಮೂರು ಜಿಲ್ಲೆಗಳನ್ನು ಒಂದು ಮಾಡಿತ್ತು. ಆ ಹಳಿ ಎಲ್ಮ್ ಗುಡ್ಡದ ಸ್ಮಶಾನದ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದುದರಿಂದ ಕಂಪನಿ ಒಂದು ಶವದ ಟ್ರಾಮ್ ಕೂಡ ಇಟ್ಟುಕೊಂಡಿತ್ತು. ಮೈಯೆಲ್ಲ ಕಪ್ಪು ಬಣ್ಣ, ಕಿಟಕಿಗೆ ಕಪ್ಪು ಪರದೆ, ಪೆಟ್ಟಿಗೆ ಒಳಗಿಡಲು ಪಕ್ಕದಲ್ಲೊಂದು ಉದ್ದನೆಯ ಬಾಗಿಲು. ಜನ ಅದನ್ನು ಕರಿಗಾಡಿ ಎನ್ನುತ್ತಿದ್ದರು. ಬದುಕಿದ್ದಾಗ ಕಾಸು ಉಳಿಸಲು ನಡೆದೇ ತಿರುಗಿದ ಜಿಪುಣರು ಕೂಡ ಕೊನೆಗೊಂದು ಸಲ ಅದನ್ನು ಹತ್ತಲೇಬೇಕಿತ್ತು.

ಹದಿನಾಲ್ಕು ವರ್ಷದ ಹಿಂದೆ, ಇದೇ ಮಾರ್ಚ್ ತಿಂಗಳಲ್ಲಿ, ಟ್ರಾಮಿನವರೆಲ್ಲ ಮುಷ್ಕರ ಹೂಡಿದ್ದರು. ಕಂಪನಿಗೆ ನಗರಸಭೆ ಕೊಟ್ಟಿದ್ದ ಪರವಾನಗಿಯಲ್ಲಿ ಒಂದು ಷರತ್ತಿತ್ತು. ಇಡೀ ಒಂದು ತಿಂಗಳು ಹಳಿಯ ಮೇಲೆ ಒಂದು ಗಾಡಿಯೂ ಓಡದಿದ್ದರೆ ಪರವಾನಗಿ ರದ್ದಾಗುತ್ತದೆ, ಹಳಿಯೂ ತಂತಿಯೂ ಊರಿನ ಪಾಲಾಗುತ್ತವೆ. ಮುಷ್ಕರದ ಮುಂದಾಳು ಗಸ್ ಪ್ರೂಯಿಟ್ ನಂಬಿಕೊಂಡಿದ್ದುದು ಅದನ್ನೇ. ಒಬ್ಬರೂ ಗಾಡಿ ಮುಟ್ಟದೆ ತಿಂಗಳು ತಳ್ಳಿದರೆ ಸಾಕು, ನಗರಸಭೆ ಎಲ್ಲರನ್ನೂ ಒಳ್ಳೆಯ ಸಂಬಳಕ್ಕೆ ತೆಗೆದುಕೊಳ್ಳುತ್ತದೆ ಎಂದು ಮಾತಾಗಿತ್ತು. ಹೊರಗಿನಿಂದ ಬಾಡಿಗೆ ಡ್ರೈವರ್‌ಗಳನ್ನು ತರಿಸಲು ಕಂಪನಿ ಹೆಣಗಾಡುತ್ತಿತ್ತು, ಊರಿನ ಜನ ಅವರನ್ನು ಸ್ಟೇಷನ್ನಿನಿಂದಲೇ ಹಿಂದಕ್ಕೆ ಅಟ್ಟುತ್ತಿದ್ದರು. ತಿಂಗಳು ಮುಗಿಯಲು ಇನ್ನೊಂದೇ ದಿನ ಉಳಿದಿತ್ತು.

ಅಂಥ ಬೆಳಿಗ್ಗೆ ಕಂಡಕ್ಟರ್ ಲ್ಯಾಂಬರ್ಟ್ ಡೋಟಿ ಹೈರಮ್‌ನ ಅಡುಗೆಮನೆಗೆ ಬಂದ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು ಆಗಲೇ ಮೂರು ದಿನವಾಗಿತ್ತು. ಕೆಸರಿನಲ್ಲಿ ಬಂಡಿ ಹೋಗುತ್ತಿರಲಿಲ್ಲ. ಗಸ್ ಹತ್ತಿರ ಕೇಳಿದರೆ ಇನ್ನೆರಡು ದಿನ ತಡೆದುಕೋ ಎಂದಿದ್ದ. ಮನೆಯಲ್ಲಿ ಮೂರು ಮಕ್ಕಳು ಅಮ್ಮನನ್ನು ಎಬ್ಬಿಸಲು ಹೋಗುತ್ತಿವೆ ಎಂದು ಲ್ಯಾಂಬರ್ಟ್ ಹೇಳಿದ. ಲವೀನಾ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. ಮೇಜಿನ ಅಂಚು ಹಿಡಿದು ಅತ್ತ. ನೀನೊಬ್ಬ ಮನಸ್ಸು ಮಾಡಿದರೆ ಅವಳು ಮಣ್ಣಿಗೆ ಸೇರುತ್ತಾಳೆ ಎಂದ.

ಹೈರಮ್ ಮೂರ್ಖನಲ್ಲ. ತಿಂಗಳ ಲೆಕ್ಕ ಅವನಿಗೂ ಗೊತ್ತಿತ್ತು. ಆದರೆ ಟ್ರಾಮಿನವರಿಗೆ ಒಂದು ಅಭ್ಯಾಸ. ಟಿಕೆಟ್ ಹರಿದರೆ ಮಾತ್ರ ಅದು ಓಟ, ಟಿಕೆಟ್ ಇಲ್ಲದ ಗಾಡಿ ಶೆಡ್ಡಿನಿಂದ ಶೆಡ್ಡಿಗೆ ಸರಿಸಿದ ಹಾಗೆ. ಹೆಣಕ್ಕೇನು ಟಿಕೆಟ್? ಕರಿಗಾಡಿಯನ್ನು ಯಾರೂ ಓಟ ಎಂದು ಲೆಕ್ಕ ಹಿಡಿದದ್ದೇ ಇಲ್ಲ. ಹೈರಮ್ ಮ್ಯಾನೇಜರ್ ಹತ್ತಿರ ಹೋಗಿ ಕೀಲಿ ಕೇಳಿದ. ಮ್ಯಾನೇಜರ್ ಬಾಡಿಗೆಯ ಮಾತೇ ಎತ್ತದೆ ಕೊಟ್ಟುಬಿಟ್ಟ. ಆಗಲೇ ಅನುಮಾನ ಬರಬೇಕಿತ್ತು. ಡಿಪೋ ಬಾಗಿಲಲ್ಲಿ ಕಾವಲಿದ್ದ ಇಬ್ಬರು ಮುಷ್ಕರದವರು ಪೆಟ್ಟಿಗೆ ನೋಡಿ ಟೋಪಿ ತೆಗೆದು ದಾರಿ ಬಿಟ್ಟರು.

ಪರವಾನಗಿಯಲ್ಲಿ ಟಿಕೆಟ್ಟಿನ ಮಾತು ಇರಲಿಲ್ಲ. ಗಾಡಿ ಓಡಿದರೆ ಸಾಕು ಎಂದಿತ್ತು. ಸಂಜೆಗೆಲ್ಲ ಕಂಪನಿಯ ವಕೀಲ ನಗರಸಭೆಯಲ್ಲಿ ನಗುತ್ತಾ ಕೂತಿದ್ದ. ವಾರದೊಳಗೆ ಮುಷ್ಕರ ಮುರಿಯಿತು. ಗಸ್‌ಗೂ ಇನ್ನು ಹಲವರಿಗೂ ಕೆಲಸ ಹೋಯಿತು. ಜೂಡ್ ಬೇಟ್ಸ್ ಎನ್ನುವವನು ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು ಇಲಿನಾಯ್ ಕಡೆಯ ಕಲ್ಲಿದ್ದಲು ಗಣಿಗೆ ಹೋಗಿ ಅಲ್ಲೇ ಮಣ್ಣು ಕುಸಿದು ಸತ್ತ.

ಕಡೆಯ ಸಭೆಯಲ್ಲಿ ಗಸ್ ಎಲ್ಲರ ಎದುರಿಗೆ ಲ್ಯಾಂಬರ್ಟ್‌ನನ್ನು ಎದ್ದು ನಿಲ್ಲಿಸಿ ಕೇಳಿದ್ದ, ಗಾಡಿ ತಾ ಎಂದು ನೀನು ಕೇಳಿದ್ದೆಯಾ ಎಂದು. ಲ್ಯಾಂಬರ್ಟ್ ಸುತ್ತಲಿನ ಮುಖಗಳನ್ನು ನೋಡಿದ. ಇಲ್ಲ, ಹೈರಮ್ ತಾನಾಗಿ ಬಂದು ಗಾಡಿ ತಯಾರಿದೆ ಅಂದ, ನನಗೆ ಬುದ್ಧಿ ಸ್ತಿಮಿತದಲ್ಲಿರಲಿಲ್ಲ ಎಂದ. ಎಲ್ಲರೂ ಹೈರಮ್ ಕಡೆ ತಿರುಗಿದರು. ಹೈರಮ್ ಟೋಪಿ ಹಾಕಿಕೊಂಡು ಹೊರಗೆ ನಡೆದ.

ಆ ದಿನ ಲವೀನಾ ಗಂಡನನ್ನು ಎಷ್ಟು ಬೈದಳೋ. ಈಗಿಂದೀಗ ಹೋಗಿ ನಿಜ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದು ಹಟ ಹಿಡಿದಳು.

"ಅವನಿಗೆ ಮೂರು ಮಕ್ಕಳು, ಹೆಂಡತಿ ಇಲ್ಲ," ಎಂದ ಹೈರಮ್. "ನನಗೆ ನೀನಿದ್ದೀಯ. ನಾನು ತಡಕೋತೀನಿ. ನೀನು ಬಾಯಿ ಬಿಡಲ್ಲ ಅಂತ ಮಾತು ಕೊಡು."

ಕೊಟ್ಟಳು. ಅವನೇನೋ ಉದಾರಿಯಾದ, ಅನುಭವಿಸಿದ್ದರಲ್ಲಿ ಅವಳ ಪಾಲೇನೂ ಕಡಿಮೆ ಇರಲಿಲ್ಲ. ಚರ್ಚಿನಲ್ಲಿ ಅವಳು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಹೆಂಗಸರು ಸೇರಿ ಕೌದಿ ಹೊಲಿಯುವಲ್ಲಿಗೆ ಅವಳಿಗೆ ಕರೆ ಬರುತ್ತಿರಲಿಲ್ಲ. ಕೋರಾ ಶಾಲೆಯಿಂದ ಅಳುತ್ತಾ ಬರುತ್ತಿದ್ದಳು. ಹುಡುಗರು ಅವಳನ್ನು ಕರಿಗಾಡಿ ಹೈರಮ್‌ನ ಮಗಳು ಎಂದು ಕರೆಯುತ್ತಿದ್ದರು. ಮಾತು ಕೊಟ್ಟ ನಾಲಿಗೆಯನ್ನು ಲವೀನಾ ಎಷ್ಟು ಸಲ ಕಚ್ಚಿಕೊಂಡಿದ್ದಾಳೋ ಅವಳಿಗೇ ಗೊತ್ತು. ಗಂಡನ ಮೇಲಿನ ಪ್ರೀತಿಯ ಜೊತೆಗೆ ಈ ಒಂದು ಸಿಟ್ಟೂ ಅವಳಲ್ಲಿ ಕೊನೆಯವರೆಗೆ ಉಳಿಯಿತು.

*

ಡಿಪೋದ ದೊಡ್ಡ ಬಾಗಿಲ ಮುಂದೆ ಶವದ ಬಂಡಿ ನಿಂತಾಗ ಒಳಗಿದ್ದ ಹತ್ತು ಹನ್ನೆರಡು ಜನ ಕೆಲಸ ಬಿಟ್ಟು ನೋಡಿದರು. ಯಾರೂ ಹತ್ತಿರ ಬರಲಿಲ್ಲ. ಒಬ್ಬನು ಟೋಪಿಗೆ ಕೈ ಹಾಕಿದವನು ಪಕ್ಕದವನ ಮುಖ ನೋಡಿ ಕೈ ಇಳಿಸಿದ. ಹಿಂದಿನ ಹಳಿಯ ಮೇಲೆ ಕರಿಗಾಡಿ ನಿಂತಿತ್ತು, ಪರದೆ ಇಳಿಬಿಟ್ಟುಕೊಂಡು.

ಗಸ್ ಪ್ರೂಯಿಟ್ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದ. ಹಲವು ವರ್ಷ ಅಲೆದು, ಮಹಾಯುದ್ಧದ ಕಾಲದಲ್ಲಿ ಕಂಪನಿಗೆ ಜನ ಸಾಲದೆ ಹೋದಾಗ ತಿರುಗಿ ಕೆಲಸಕ್ಕೆ ಸೇರಿ, ಈಗ ಕಾರ್ಮಿಕ ಸಂಘದ ಅಧ್ಯಕ್ಷನಾಗಿದ್ದ. ತಲೆ ಪೂರ್ತಿ ನೆರೆತಿತ್ತು. ಕೆಟ್ಟ ಮನುಷ್ಯನೆಂದು ಅವನನ್ನು ಯಾರೂ ಅನ್ನಲಾರರು. ಆದರೆ ಮರೆಯುವ ಮನುಷ್ಯನೂ ಅಲ್ಲ.

"ದುಃಖ ನನಗೂ ಅರ್ಥ ಆಗತ್ತೆ ಲವೀನಾ ಅವರೇ," ಎಂದ. "ನಾನು ಯಾರನ್ನೂ ತಡೆಯಲ್ಲ. ಯಾರಿಗೂ ಹೋಗಿ ಅಂತಾನೂ ಹೇಳಲ್ಲ. ಇಷ್ಟ ಇದ್ದವರು ಗಾಡಿ ತಗೊಂಡು ಹೋಗ್ಲಿ."

ಅವನು ಹಿಂದಕ್ಕೆ ತಿರುಗಿ ನೋಡಿದ. ಎಲ್ಲರೂ ನೆಲ ನೋಡುತ್ತಿದ್ದರು. ಅವರ ನಡುವೆ, ಕಂಡಕ್ಟರ್ ಕೋಟು ತೊಟ್ಟು, ಲ್ಯಾಂಬರ್ಟ್ ಡೋಟಿಯೂ ನಿಂತಿದ್ದ.

ಮಾತು ಕೇಳಿ ಮ್ಯಾನೇಜರ್ ಹಾಲ್ಸ್ಟೆಡ್ ಆಫೀಸಿನಿಂದ ಇಳಿದು ಬಂದ. ಈಚೆಗೆ ಬಂದವನು, ಹಳೆಯ ಕತೆ ಅವನಿಗೆ ಅಷ್ಟಾಗಿ ತಿಳಿಯದು. ಇದೇನು ಅಸಹ್ಯ ಎಂದು ಗಸ್ ಮೇಲೆ ರೇಗಿ, ಅಮ್ಮಾ ನೀವು ಚಿಂತೆ ಮಾಡಬೇಡಿ, ನಾನು ಹುಕುಂ ಕೊಡುತ್ತೇನೆ, ಹುಕುಂ ಮೀರಿದವನ ಕೆಲಸ ಇವತ್ತೇ ಹೋಗುತ್ತದೆ ಎಂದ. ಹೈರಮ್ ಕಂಪನಿಗೆ ಮಾಡಿದ ಉಪಕಾರವನ್ನು ಕಂಪನಿ ಮರೆತಿಲ್ಲ ಎಂದೂ ಸೇರಿಸಿದ. ಆ ಮಾತು ಕೇಳಿ ಹಿಂದೆ ಯಾರೋ ಉಗಿದ ಸದ್ದಾಯಿತು.

"ಕೊಡಿ ಹುಕುಂ," ಎಂದಳು ಕೋರಾ. "ಇವರಿಗೆ ಅದೇ ಭಾಷೆ ಸರಿ."

"ಬೇಡ," ಎಂದಳು ಲವೀನಾ. "ಒಂದು ಸಲ ಕಂಪನಿ ಮನುಷ್ಯ ಅನ್ನಿಸ್ಕೊಂಡಿದ್ದು ಸಾಕು. ಹೆಣವಾದ ಮೇಲೂ ಅನ್ನಿಸ್ಕೊಳ್ಳೋದು ಬೇಡ."

"ಹಾಗಾದ್ರೆ ಇಲ್ಲೇ ಇರ್ಲಾ ಅಪ್ಪ? ಬೀದೀಲಿ?"

ಪಕ್ಕದ ಹಳಿಯಲ್ಲಿ ಊರಿಂದೂರಿಗೆ ಹೋಗುವ ಎಕ್ಸ್‌ಪ್ರೆಸ್ ಟ್ರಾಮ್ ಹೊರಡುವ ಗಂಟೆಗೆ ಕಾದು ನಿಂತಿತ್ತು, ಪ್ರಯಾಣಿಕರು ಹತ್ತಿ ಕೂತಿದ್ದರು. ಅದರ ಡ್ರೈವರ್ ಮೆಟ್ಟಿಲ ಮೇಲಿಂದ ಕೋರಾಳನ್ನೇ ನೋಡುತ್ತಿದ್ದ. ಒರಿನ್ ಬೇಟ್ಸ್, ಗಣಿಯಲ್ಲಿ ಸತ್ತ ಜೂಡ್‌ನ ಮಗ. ಅವರಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

"ನಮ್ಮಪ್ಪ ಎಲ್ಲಿ ಹೂತುಹೋಗಿದಾನೆ ಅಂತ ಗೊತ್ತಾ ನಿನಗೆ ಕೋರಾ?" ಎಂದು ಕೇಳಿದ. ದನಿ ಏರಿಸಲಿಲ್ಲ. "ನನಗೂ ಗೊತ್ತಿಲ್ಲ. ಗಣಿಯವರು ತೆಗೀಲೇ ಇಲ್ಲ. ನಿಮ್ಮಪ್ಪನಿಗೆ ಪೆಟ್ಟಿಗೆ ಆದ್ರೂ ಇದೆ."

ಕೋರಾ ಇಡೀ ಬಾಲ್ಯ ಅಪ್ಪನ ಮೇಲೆ ಸಿಟ್ಟಿನಲ್ಲೇ ಬೆಳೆದವಳು; ಇವತ್ತು ಅವನ ಪರವಾಗಿ ಜಗಳಕ್ಕೆ ನಿಂತರೆ ಕೈಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಆ ಕಡ್ಡಿ ಇದ್ದದ್ದು ಲವೀನಾಳ ನಾಲಿಗೆಯ ತುದಿಯಲ್ಲಿ. ಮಾತು ಕೊಟ್ಟದ್ದು ಹೈರಮ್‌ಗೆ, ಹೈರಮ್ ಈಗ ಇಲ್ಲ. ಲ್ಯಾಂಬರ್ಟ್‌ನ ಮೂರು ಮಕ್ಕಳೂ ದೊಡ್ಡವರಾಗಿದ್ದಾರೆ. ಇನ್ನು ಯಾರನ್ನು ಕಾಪಾಡುವುದಿದೆ? ದಾರಿಯುದ್ದಕ್ಕೂ ಅವಳು ಇದನ್ನೇ ಯೋಚಿಸಿಕೊಂಡು ಬಂದಿದ್ದಳು, ಹೇಳಿಯೇಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಬಂದಿದ್ದಳು.

ಬಾಯಿ ತೆರೆದಳು. ಲ್ಯಾಂಬರ್ಟ್ ತಲೆ ಎತ್ತಿ ಅವಳನ್ನು ನೋಡಿದ.

*

ಮುಷ್ಕರ ಮುರಿದ ಮೇಲೆ ಹೈರಮ್ ಜೊತೆ ಕೆಲಸ ಮಾಡಲು ಯಾವ ಕಂಡಕ್ಟರನೂ ಒಪ್ಪಲಿಲ್ಲ. ಕಂಪನಿ ಲ್ಯಾಂಬರ್ಟ್‌ನನ್ನು ಹಾಕಿತು. ಅವನು ಇಲ್ಲ ಎನ್ನಲಿಲ್ಲ. ಅಂದಿನಿಂದ ಹೈರಮ್ ಮುಂದೆ, ಲ್ಯಾಂಬರ್ಟ್ ಹಿಂದೆ. ನಡುವೆ ಗಾಡಿಯ ಉದ್ದಕ್ಕೂ ಸೂರಿನಲ್ಲಿ ಓಡುವ ಗಂಟೆಯ ಹಗ್ಗ. ಒಂದು ಸಲ ಜಗ್ಗಿದರೆ ನಿಲ್ಲಿಸು, ಎರಡು ಸಲಕ್ಕೆ ಹೊರಡು, ಮೂರಕ್ಕೆ ಹಿಂದಕ್ಕೆ ಸರಿ. ಅಷ್ಟೂ ವರ್ಷ ಅವರಿಬ್ಬರ ನಡುವೆ ನಡೆದದ್ದು ಇದೊಂದೇ ಮಾತುಕತೆ.

ತನ್ನ ಹೆಂಡತಿಯ ಹೆಣವನ್ನು ನೆಪ ಮಾಡಿಕೊಂಡ ಹೈರಮ್ ಮೇಲೆ ಲ್ಯಾಂಬರ್ಟ್‌ಗೆ ಎಷ್ಟು ದ್ವೇಷವಿರಬೇಡ ಎಂದು ಊರು ಕನಿಕರಪಟ್ಟಿತು. ಅದು ದ್ವೇಷವಲ್ಲವೆಂದು ಗೊತ್ತಿದ್ದವರು ಮೂವರೇ. ಬೇಸಿಗೆಯ ಒಂದು ಮಧ್ಯಾಹ್ನ ಲವೀನಾ ಗಂಡನಿಗೆ ಬುತ್ತಿ ಕೊಡಲು ಹೋಗಿದ್ದಳು. ಹೈರಮ್ ಬುತ್ತಿಯಲ್ಲಿದ್ದ ಸೇಬಿನ ಕಡುಬಿನ ಅರ್ಧ ಮುರಿದು ಹಿಂದಿನ ಬೆಂಚಿನ ಮೇಲೆ ಇಟ್ಟು ಬಂದ. ಲ್ಯಾಂಬರ್ಟ್ ಅದರ ಮುಂದೆ ತಲೆ ತಗ್ಗಿಸಿ ಕೂತಿದ್ದ. ತಿಂದನೋ ಇಲ್ಲವೋ ಲವೀನಾ ನೋಡಲಿಲ್ಲ. ಅವನು ಕ್ಷಮೆ ಕೇಳಬಾರದೇ ಎಂದು ಆ ಸಂಜೆ ಅವಳು ರೇಗಿದಳು. ಬಾಯಿ ಬಿಟ್ಟರೆ ಅಳುತ್ತಾನೆ, ಅತ್ತರೆ ಪ್ರಯಾಣಿಕರು ನೋಡುತ್ತಾರೆ, ಹೀಗೇ ಇರಲಿ ಬಿಡು ಎಂದಿದ್ದ ಹೈರಮ್.

*

ಆ ಲ್ಯಾಂಬರ್ಟ್ ಈಗ ಎದುರಿಗೆ ನಿಂತಿದ್ದ. ಕಣ್ಣು ಕೆಂಪಾಗಿತ್ತು, ಕೈ ಕೋಟಿನ ಗುಂಡಿಯನ್ನು ತಿರುವುತ್ತಿತ್ತು. ಲವೀನಾಳ ಬಾಯಲ್ಲಿದ್ದ ಮಾತು ಹೊರಗೆ ಬರಲಿಲ್ಲ. ಅವನ ಹೆಸರು ಹೇಳಿಬಿಟ್ಟರೆ ಗೆಲ್ಲಬಹುದು, ಆದರೆ ಹೈರಮ್ ಅಷ್ಟು ವರ್ಷ ಹೊತ್ತದ್ದನ್ನು ಅವನ ಪೆಟ್ಟಿಗೆಯ ಮುಂದೆಯೇ ಚೆಲ್ಲಿದ ಹಾಗಾಗುತ್ತದೆ ಎನ್ನಿಸಿತು. ಹೇಳದಿದ್ದರೆ ಹೈರಮ್ ಬೀದಿಯಲ್ಲಿ ಉಳಿಯುತ್ತಾನೆ.

"ಲ್ಯಾಂಬರ್ಟ್ ಅವರೇ," ಎಂದಳು ಕೊನೆಗೆ. "ಆವತ್ತು ನಮ್ಮನೇಲಿ ಕಾಫಿ ಹಾಗೇ ಬಿಟ್ಟು ಎದ್ದುಬಂದ್ರಿ. ಇವತ್ತು ಮಣ್ಣು ಮಾಡಿ ಬಂದಮೇಲಾದ್ರೂ ಒಂದು ಲೋಟ ಕುಡೀಬೇಕು."

ಉಳಿದವರಿಗೆ ಇದು ದುಃಖದಲ್ಲಿರುವ ಹೆಂಗಸಿನ ಬಡಬಡಿಕೆಯಂತೆ ಕೇಳಿಸಿತು. ಗಸ್ ಮಾತ್ರ ಹುಬ್ಬು ಗಂಟಿಕ್ಕಿದ.

"ಯಾವತ್ತು?" ಎಂದು ಸಂಘದ ಸಭೆಯಲ್ಲಿ ಕೇಳುವ ಹಾಗೆ ಕೇಳಿದ. "ನೀನು ಯಾವಾಗ ಅವರ ಮನೆಗೆ ಹೋಗಿದ್ದೆ ಬ್ರದರ್ ಡೋಟಿ?"

ಲ್ಯಾಂಬರ್ಟ್ ಟೋಪಿ ತೆಗೆದ.

"ನಾನೇ ಕೇಳಿದ್ದು," ಎಂದ. "ಗಾಡಿ ತಾ ಅಂತ ಹೈರಮ್‌ನ ನಾನೇ ಕೇಳಿದ್ದು. ಅವರ ಅಡಿಗೆಮನೇಲಿ ಕೂತು ಅತ್ತು ಕೇಳಿದೆ. ಸಭೇಲಿ ನಾನು ಹೇಳಿದ್ದು ಸುಳ್ಳು. ಅವನು ಕೇಳಿಸ್ಕೊಂಡು ಸುಮ್ಮನೆ ಹೋದ."

ಕೋರಾ ಅಮ್ಮನ ಕಡೆ ತಿರುಗಿದಳು. ಲವೀನಾ ಹೌದೆಂದು ತಲೆಯಾಡಿಸಿದಳು. ಕೋರಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಬಂಡಿಯ ಗಾಜಿಗೆ ಹಣೆ ಒತ್ತಿ ನಿಂತುಬಿಟ್ಟಳು.

ಗಸ್ ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಯಾರು ಕೇಳಿದ್ರೂ ಗಾಡಿ ಹೊರಗೆ ಬಂತು," ಎಂದ. "ಓಡಿಸಿದ್ದು ಅವನೇ ತಾನೇ. ನಾವು ಸೋತ್ವಿ."

"ನಮ್ಮಪ್ಪ ತಿರುಗಿ ಬರ್ತಾನಾ?" ಎಂದ ಒರಿನ್, ಮೆಟ್ಟಿಲ ಮೇಲಿಂದಲೇ. ಮುಖ ತಿರುಗಿಸಿ ಗಾಡಿಯ ಒಳಗೆ ಹೋದ.

ಸತ್ಯ ಹೊರಗೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಲವೀನಾ ಇಷ್ಟು ವರ್ಷ ನಂಬಿದ್ದಳು. ಸತ್ಯ ಬಂದು ನಿಂತಿತ್ತು, ಒಬ್ಬನೂ ಕರಿಗಾಡಿಯ ಕಡೆ ಹೆಜ್ಜೆ ಹಾಕಲಿಲ್ಲ.

"ಸರಿ," ಎಂದ ಲ್ಯಾಂಬರ್ಟ್. "ಕರಿಗಾಡಿ ಯಾರೂ ಮುಟ್ಟಬೇಡಿ." ಅವನು ಗೋಡೆಯ ಹತ್ತಿರ ಹೋದ. ಅಲ್ಲಿ ಹಳಿ ರಿಪೇರಿಯವರ ತಳ್ಳುಗಾಡಿ ಒಂದಿತ್ತು. ನಾಲ್ಕು ಕಬ್ಬಿಣದ ಚಕ್ರ, ಮೇಲೊಂದು ಹಲಗೆ. ಜಲ್ಲಿಯೂ ಮರದ ದಿಮ್ಮಿಯೂ ಹೊತ್ತು ಹಲಗೆ ಒರಟಾಗಿತ್ತು. ಅದನ್ನು ಒಬ್ಬನೇ ಎಳೆದು ತಂದು ಹಳಿಯ ಮೇಲೆ ಏರಿಸಲು ಹೆಣಗಿದ. "ಇದರ ಮೇಲೆ ಇಡಿ. ನಾನೇ ತಳ್ಕೊಂಡು ಹೋಗ್ತೀನಿ. ಇದಕ್ಕೆ ಡ್ರೈವರ್ ಬೇಡ."

ಕೋರಾಳ ಗಂಡ ಹೋಗಿ ಕೈ ಹಾಕಿದ. ಚಕ್ರಗಳು ಹಳಿಗೆ ಕೂತವು. ಕೋರಾ ತನ್ನ ಶಾಲು ತೆಗೆದು ಹಲಗೆಯ ಮೇಲೆ ಹಾಸಿದಳು.

ಲವೀನಾ ಆ ತಳ್ಳುಗಾಡಿಯನ್ನು ನೋಡುತ್ತಾ ನಿಂತಿದ್ದಳು. ಹಲಗೆಯ ಸವೆತ, ಚಕ್ರದ ತುಕ್ಕು ನೋಡಿದಳು. ಆಮೇಲೆ ಗಸ್ ಕಡೆ ನೋಡಿದಳು.

"ಇದು ಆಗಲೂ ಇತ್ತಾ?" ಎಂದು ಕೇಳಿದಳು.

ಅವಳ ದನಿಯಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. ಆದರೆ ಗಸ್ ಯಾರೋ ಎದೆಗೆ ಗುದ್ದಿದ ಹಾಗೆ ನಿಂತ. ಆಗ ಊರಿನಲ್ಲಿ ಮುಷ್ಕರ ಹೂಡಿ ಕೆಲಸವಿಲ್ಲದೆ ಕೂತ ಗಂಡಸರು ನೂರಾರು ಜನ ಇದ್ದರು. ಹತ್ತು ಜನ ಸೇರಿದ್ದರೆ ಲ್ಯಾಂಬರ್ಟ್‌ನ ಹೆಂಡತಿಯನ್ನು ಕೈಯಲ್ಲೇ ತಳ್ಳಿಕೊಂಡು ಎಲ್ಮ್ ಗುಡ್ಡಕ್ಕೆ ಮುಟ್ಟಿಸಬಹುದಿತ್ತು. ಇದನ್ನು ಗಾಡಿಯ ಓಟ ಎಂದು ಯಾವ ವಕೀಲನೂ ಹೇಳುವಂತಿರಲಿಲ್ಲ. ಪರವಾನಗಿ ಹೋಗುತ್ತಿತ್ತು, ಮುಷ್ಕರ ಗೆಲ್ಲುತ್ತಿತ್ತು, ಜೂಡ್ ಬೇಟ್ಸ್ ಊರಲ್ಲೇ ಇರುತ್ತಿದ್ದ. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ. ಎರಡು ದಿನ ತಡೆದುಕೋ ಎಂದು ಲ್ಯಾಂಬರ್ಟ್‌ನನ್ನು ಕಳಿಸಿದ ದಿನ ಗಸ್ ಇದೇ ಗೋಡೆಗೆ ಒರಗಿ ನಿಂತಿದ್ದ.

"ಇತ್ತು," ಎಂದ.

ಎಣ್ಣೆ ಬಟ್ಟೆಯನ್ನು ನೆಲಕ್ಕೆ ಹಾಕಿ ಬಂಡಿಯ ಹಿಂಬದಿಗೆ ಹೋಗಿ ಪೆಟ್ಟಿಗೆಯ ಹಿಡಿ ಹಿಡಿದ. ಅವನು ಯಾರನ್ನೂ ಕರೆಯಲಿಲ್ಲ. ಇಬ್ಬರು ಬಂದರು, ಆಮೇಲೆ ಇನ್ನಿಬ್ಬರು. ಉಳಿದವರು ಕದಲಲಿಲ್ಲ.

*

ಊರಿನೊಳಗೆ ಹಳಿ ಸಮತಟ್ಟಾಗಿತ್ತು, ಕಷ್ಟವಾಗಲಿಲ್ಲ. ಜನ ಅಂಗಡಿ ಬಾಗಿಲುಗಳಿಗೆ ಬಂದು ನೋಡಿದರು. ಗಸ್ ಪ್ರೂಯಿಟ್ ಕರಿಗಾಡಿ ಹೈರಮ್‌ನ ಪೆಟ್ಟಿಗೆ ತಳ್ಳುತ್ತಿದ್ದಾನೆ ಎಂಬ ಸುದ್ದಿ ಅವರಿಗಿಂತ ಮುಂದಾಗಿ ಓಡಿತು. ಲ್ಯಾಂಬರ್ಟ್ ಕೋಟು ಬಿಚ್ಚಿ ಹಾಕಿದ್ದ. ಬೆನ್ನು ಬಗ್ಗಿಸಿ ತಳ್ಳುತ್ತಾ, ತುಟಿಯಲ್ಲೇ ಏನೋ ಹೇಳುತ್ತಾ ಇದ್ದ. ಪೆಟ್ಟಿಗೆಯ ಪಕ್ಕದಲ್ಲಿ ನಡೆಯುತ್ತಿದ್ದ ಕೋರಾಳಿಗೆ ಮಾತ್ರ ಅದು ಅಷ್ಟಿಷ್ಟು ಕೇಳಿಸಿತು. ದೊಡ್ಡ ಮಗಳಿಗೆ ಗಂಡು ಮಗು ಆಗಿದೆ, ಎರಡನೆಯವಳು ಟೈಪಿಂಗ್ ಕಲಿತಿದ್ದಾಳೆ, ಹೀಗೆ ಹೈರಮ್‌ಗೆ ಹೇಳದೆ ಉಳಿದಿದ್ದ ಮನೆಯ ಸುದ್ದಿಗಳು. ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಡೆದಳು.

ಊರು ದಾಟಿ ಹೊಳೆ ಬಯಲಿಗೆ ಬಂದಾಗ ಹಿಂದಿನಿಂದ ಸೀಟಿ ಕೇಳಿಸಿತು. ಎಕ್ಸ್‌ಪ್ರೆಸ್. ಇರುವುದು ಒಂದೇ ಹಳಿ, ಗುಡ್ಡದಾಚೆಗಿನವರೆಗೂ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಒರಿನ್ ವೇಗ ತಗ್ಗಿಸಿ ಅವರ ಬೆನ್ನಿಗೇ ಬಂದ. ಮತ್ತೊಮ್ಮೆ ಸೀಟಿ ಹಾಕಿದ, ಈ ಸಲ ಉದ್ದಕ್ಕೆ. ಆ ಸದ್ದಿಗೆ ಪಾದ್ರಿ ಬೆಚ್ಚಿದ.

"ತಿರುಗಬೇಡಿ," ಎಂದ ಗಸ್. "ತಳ್ಳಿ."

ಬಯಲಿನ ಎರಡೂ ಕಡೆ ಕರಗಿದ ಹಿಮದ ನೀರು ನಿಂತಿತ್ತು. ಮುಂದೆ ಎಲ್ಮ್ ಗುಡ್ಡದ ಏರು ಶುರುವಾಯಿತು. ವಿದ್ಯುತ್ತಿನ ಗಾಡಿಗೆ ಅದು ಏರೇ ಅಲ್ಲ. ಕೈಯಲ್ಲಿ ತಳ್ಳುವವರಿಗೆ ಗೋಡೆ. ಹಳಿಯ ಕೆಳಗಿನ ಮರದ ದಿಮ್ಮಿಗಳು ತೊಯ್ದು ಪಾಚಿ ಹಿಡಿದ ಕಲ್ಲಿನಂತೆ ಜಾರುತ್ತಿದ್ದವು. ಅರ್ಧ ಏರು ಹತ್ತುವಷ್ಟರಲ್ಲಿ ಗಸ್‌ನ ಕಾಲು ಜಾರಿತು. ಅವನು ಮೊಣಕಾಲ ಮೇಲೆ ಬಿದ್ದ. ತಳ್ಳುಗಾಡಿ ಹಿಂದಕ್ಕೆ ಉರುಳಿತು. ಲ್ಯಾಂಬರ್ಟ್ ಎದೆ ಕೊಟ್ಟು ತಡೆದ, ಅವನ ಬೂಟು ಜಲ್ಲಿಯಲ್ಲಿ ಗೀರುತ್ತಾ ಹಿಂದಕ್ಕೆ ಬಂತು. ಕೋರಾ ಒಂದು ದೊಡ್ಡ ಕಲ್ಲನ್ನು ತಬ್ಬಿ ಎತ್ತಿ ಚಕ್ರದ ಅಡಿಗೆ ನೂಕಿದಳು. ಗಾಡಿ ನಿಂತಿತು. ಎಕ್ಸ್‌ಪ್ರೆಸ್‌ನ ಮೂತಿ ಅವರಿಂದ ಹತ್ತು ಮಾರು ದೂರವೂ ಇರಲಿಲ್ಲ. ಕಲ್ಲು ಸರಿದರೆ ಹೈರಮ್ ನೇರ ಹೋಗಿ ಅದಕ್ಕೇ ಬಡಿಯಬೇಕು.

ಯಾರಿಗೂ ಇನ್ನೊಂದು ಸಲ ತಳ್ಳುವ ಶಕ್ತಿ ಉಳಿದಿರಲಿಲ್ಲ. ಲವೀನಾ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಳು. ಇಷ್ಟು ದೂರ ಬಂದಿರಿ, ಸಾಕು ಎಂದು ಹೇಳಬೇಕೆಂದುಕೊಂಡಳು.

ಎಕ್ಸ್‌ಪ್ರೆಸ್‌ನ ಮುಂದಿನ ಗಾಜಿನ ಹಿಂದೆ ಒರಿನ್ ನಿಂತಿದ್ದ. ನೆಲದಿಂದ ಏಳಲು ಒದ್ದಾಡುತ್ತಿದ್ದ ಮುದುಕ ಗಸ್‌ನನ್ನು ನೋಡಿದ. ಪ್ರಯಾಣಿಕನೊಬ್ಬ ಹಿಂದಿನಿಂದ ಬಂದು, ಇದು ಯಾವಾಗ ಹೊರಡುವುದು ಎಂದು ಜಬರದಸ್ತಿನಿಂದ ಕೇಳಿದ. ಒರಿನ್ ಬ್ರೇಕನ್ನು ಕೊನೆಯವರೆಗೆ ಬಿಗಿದ. ಆಮೇಲೆ ಗಾಡಿ ಓಡಿಸುವ ಹಿತ್ತಾಳೆಯ ಹಿಡಿಯನ್ನು ಗೂಟದಿಂದ ಕಿತ್ತು ಜೇಬಿಗೆ ಹಾಕಿಕೊಂಡ. ಅದಿಲ್ಲದೆ ಆ ಗಾಡಿಯನ್ನು ಯಾರೂ ಕದಲಿಸಲಾರರು. ಕೆಂಪು ಬಾವುಟ ಹಿಡಿದು ಹಿಂದಿನ ಗಾಡಿಗಳನ್ನು ತಡೆಯುವಂತೆ ಕಂಡಕ್ಟರನಿಗೆ ಹೇಳಿ ಕೆಳಗೆ ಇಳಿದ.

ಅವನು ಕೋರಾಳನ್ನು ನೋಡಲಿಲ್ಲ, ಲವೀನಾಳನ್ನೂ ನೋಡಲಿಲ್ಲ. ಗಸ್‌ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಗಸ್ ಮತ್ತು ಲ್ಯಾಂಬರ್ಟ್ ನಡುವೆ ಜಾಗ ಮಾಡಿಕೊಂಡು ಹಲಗೆಗೆ ಹೆಗಲು ಹಚ್ಚಿದ.

"ಕಲ್ಲು ತೆಗಿ," ಎಂದ.

ಪ್ರಯಾಣಿಕರಲ್ಲಿ ಮೊದಲು ಇಬ್ಬರು ರೈತರು ಇಳಿದು ಬಂದರು. ಆಮೇಲೆ ಜಬರದಸ್ತು ಮಾಡಿದವನೂ ಬಂದ, ಹೊಳೆಯುವ ಬೂಟು ಹಾಕಿಕೊಂಡೇ. ಯಾರು ಸತ್ತದ್ದು ಎಂದು ಅವನು ಕೇಳಿದ್ದಕ್ಕೆ ನಮ್ಮ ಡ್ರೈವರ್ ಎಂದು ಯಾರೋ ಹೇಳಿದರು. ಹೆಂಗಸರು ಲಂಗ ಎತ್ತಿ ಹಿಡಿದು ಹಿಂದೆ ನಡೆದರು.

ಸ್ಮಶಾನದ ಬಾಗಿಲು ಮುಟ್ಟಿದ ಮೇಲೆ ಲವೀನಾ ಉಸಿರು ತೆಗೆದುಕೊಳ್ಳಲು ನಿಂತು ತಿರುಗಿ ನೋಡಿದಳು. ಏರಿನ ನಡುವೆ ಎಕ್ಸ್‌ಪ್ರೆಸ್ ಖಾಲಿ ನಿಂತಿತ್ತು, ಬಾಗಿಲು ತೆರೆದುಕೊಂಡು, ಒಳಗೆ ದೀಪ ಉರಿಸಿಕೊಂಡು. ಅದರ ಹಿಂದೆ ಪೇಟೆಯ ಗಾಡಿ, ಅದರ ಹಿಂದೆ ಹಾಲು ಸಾಗಿಸುವ ಗಾಡಿ, ಆಚೆಗೆ ಇನ್ನೊಂದು. ಹೊಳೆ ಬಯಲಿನ ಉದ್ದಕ್ಕೂ, ಊರಿನವರೆಗೂ, ಹಳಿಯ ಮೇಲೆ ಒಂದು ಗಾಡಿಯೂ ಓಡುತ್ತಿರಲಿಲ್ಲ.